ತಂತಿ ಬಿಗಿ ಮಾಡಿದರೆ ತಂಬೂರಿ ಸಣ್ಣದಾಗುವುದಿಲ್ಲ: ಟ್ರಾನ್ಸ್ ಮಹಿಳೆಯರ ಧ್ವನಿ ತರಬೇತಿ ಯಾಕೆ ಕಷ್ಟ

"ಹಾರ್ಮೋನ್ ಶುರು ಮಾಡಿ ಎರಡು ವರ್ಷ ಆಯ್ತಲ್ಲ, ದನಿ ಯಾಕೆ ಇನ್ನೂ ಹಾಗೇ ಇದೆ?" ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗೆಳತಿಯೊಬ್ಬಳು ಹೀಗೆ ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮುಖ ಬದಲಾಗಿದೆ, ಮೈಕಟ್ಟು ಬದಲಾಗಿದೆ, ದನಿಯೂ ತಾನಾಗಿ ಬದಲಾಗುತ್ತೆ ಅಂತ ಅವಳು ಅಂದುಕೊಂಡಿದ್ದಳು. ತುಂಬಾ ಜನ ಹಾಗೇ ಅಂದುಕೊಂಡಿರುತ್ತಾರೆ. ಮೊದಲು ನಾನೂ ಹಾಗೇ ನಂಬಿದ್ದೆ. ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ ಹೆಣ್ಣಾಗಿ ಬದುಕುವವಳು. ಊರು ಧಾರವಾಡ, ಕೆಲಸ ಮುಂಬೈನಲ್ಲಿ, ಮನೆ ಡೊಂಬಿವಲಿಯಲ್ಲಿ. ಧ್ವನಿ ತರಬೇತಿಗೆ ಮೂರು ವರ್ಷ ಕೊಟ್ಟಿದ್ದೇನೆ. ಕಲಿತದ್ದನ್ನು ಕನ್ನಡದಲ್ಲಿ ಬರೆದಿಡಬೇಕು ಅನ್ನಿಸಿತು, ಯಾಕೆಂದರೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಕೊಟ್ಟ ಪದಗಳೂ ವಾಕ್ಯಗಳೂ ನಮ್ಮ ಬಾಯಿಗೆ ಹೊಂದುತ್ತಿರಲಿಲ್ಲ.

ಮೊದಲು ಹಾರ್ಮೋನ್ ವಿಷಯ ಹೇಳಿಬಿಡುತ್ತೇನೆ. ಹುಡುಗರಿಗೆ 13-14ರ ಹೊತ್ತಿಗೆ ದನಿ ಒಡೆಯುತ್ತೆ ಅಲ್ವಾ, ಆಗ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಗಂಟಲಿನ ಧ್ವನಿಪೆಟ್ಟಿಗೆಯನ್ನು ದೊಡ್ಡದು ಮಾಡುತ್ತದೆ, ಸ್ವಲ್ಪ ಕೆಳಕ್ಕೂ ಇಳಿಸುತ್ತದೆ. ಅದರೊಳಗಿರುವ ಎರಡು ಸ್ವರತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಬೆಳೆದ ಗಂಡಸರಲ್ಲಿ ಅವು ಸುಮಾರು 17ರಿಂದ 21 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 11ರಿಂದ 15. ಹೀಗೆ ಒಮ್ಮೆ ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ತೆಗೆದುಕೊಂಡರೂ ಕುಗ್ಗುವುದಿಲ್ಲ. ಟ್ರಾನ್ಸ್ ಗಂಡಸರು ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ಕೆಲವು ತಿಂಗಳಲ್ಲೇ ದನಿ ಇಳಿಯಲು ಶುರುವಾಗುತ್ತದೆ, ನಮಗೆ ಅದರ ಉಲ್ಟಾ ಆಗುವುದಿಲ್ಲ. ನಮಗೆ ಉಳಿಯುವುದು ಅಭ್ಯಾಸ ಒಂದೇ, ಬೇಕಾದರೆ ಅದರ ಜೊತೆ ಆಪರೇಷನ್.

ಅಭ್ಯಾಸ ಅಂದ ತಕ್ಷಣ ಎಲ್ಲರೂ ಮಾಡುವ ಮೊದಲ ತಪ್ಪು ಒಂದೇ. ದನಿ ಏರಿಸುವುದು. ನಾನೂ ಅದನ್ನೇ ಮಾಡಿದೆ. ಫೋನಿನಲ್ಲಿ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ ತೋರಿಸುವ ಆ್ಯಪ್ ಹಾಕಿಕೊಂಡೆ. ಗಂಡಸರು ಮಾತಾಡುವಾಗ ಸ್ವರತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ 100-120 ಸಲ ಕಂಪಿಸುತ್ತವೆ, ಹೆಂಗಸರಲ್ಲಿ 200ರ ಆಸುಪಾಸು. ಹಾಗಾದರೆ 200 ಮುಟ್ಟಿದರೆ ಆಯ್ತು ಅಂದುಕೊಂಡು ದಿನಾ ಗಂಟಲು ಬಿಗಿ ಹಿಡಿದು ಏರಿಸಿದೆ. ಆ್ಯಪಿನಲ್ಲಿ 210 ಬಂತು. ರೆಕಾರ್ಡ್ ಮಾಡಿ ಕೇಳಿದರೆ ಗಂಡಸೊಬ್ಬ ಕಳ್ಳದನಿಯಲ್ಲಿ ಹೆಣ್ಣಿನ ಪಾರ್ಟು ಮಾಡುತ್ತಿರುವ ಹಾಗೆ ಕೇಳಿಸಿತು. ಆ ರಾತ್ರಿ ತುಂಬಾ ಅತ್ತೆ.

ಎಲ್ಲಿ ತಪ್ಪಿದ್ದೆ ಅಂತ ನನಗೆ ಅರ್ಥವಾದದ್ದು ತಂಬೂರಿಯಿಂದ. ಧಾರವಾಡದವರಿಗೆ ಮಿರಜ ಗೊತ್ತಿರುತ್ತದೆ, ತಂಬೂರಿ, ಸಿತಾರ ಮಾಡುವ ಊರು. ಅಲ್ಲಿನ ಅಂಗಡಿಗಳಲ್ಲಿ ಗಂಡಸರ ತಂಬೂರಿ ಬೇರೆ, ಹೆಂಗಸರ ತಂಬೂರಿ ಬೇರೆ ಇರುತ್ತದೆ. ಗಂಡಸರದ್ದು ದೊಡ್ಡದು, ಕೆಳಗಿನ ಸೋರೆ ಬುರುಡೆಯೂ ದೊಡ್ಡದು, ತಂತಿಯೂ ದಪ್ಪ. ಹೆಂಗಸರದ್ದು ಎಲ್ಲದರಲ್ಲೂ ಸಣ್ಣ. ಈಗ ದೊಡ್ಡ ತಂಬೂರಿಯ ತಂತಿಯನ್ನು ಎಷ್ಟೇ ಬಿಗಿ ಮಾಡಿ, ಶ್ರುತಿ ಏರುತ್ತದೆ ಅಷ್ಟೇ, ನಾದ ದೊಡ್ಡ ಬುರುಡೆಯದ್ದೇ. ಕಣ್ಣು ಮುಚ್ಚಿ ಕೇಳಿದರೂ ಇದು ದೊಡ್ಡ ತಂಬೂರಿ ಅಂತ ಗೊತ್ತಾಗುತ್ತದೆ. ನಮ್ಮ ಗಂಟಲೂ ಹಾಗೇ. ಸ್ವರತಂತು ಅಂದರೆ ತಂತಿ. ಅದರ ಮೇಲಿನಿಂದ ತುಟಿಯವರೆಗಿನ ಖಾಲಿ ಜಾಗ ಅಂದರೆ ಬುರುಡೆ. ಗಂಡಸರಲ್ಲಿ ಈ ಜಾಗದ ಉದ್ದ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 14. ಕೇಳುವವರ ಕಿವಿ ಶ್ರುತಿಯನ್ನಷ್ಟೇ ಅಳೆಯುವುದಿಲ್ಲ, ಈ ಮೂರು ಸೆಂಟಿಮೀಟರನ್ನೂ ಅಳೆಯುತ್ತದೆ. ಯಾರಿಗೂ ಹಾಗೆ ಅಳೆಯುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ, ಆದರೂ ಕ್ಷಣದಲ್ಲಿ ಲೆಕ್ಕ ಮುಗಿದಿರುತ್ತದೆ.

ಮರದ ತಂಬೂರಿಯ ಬುರುಡೆ ಬದಲಿಸಲು ಆಗುವುದಿಲ್ಲ. ಗಂಟಲಿನ ಬುರುಡೆಯನ್ನು ಬದಲಿಸಬಹುದು. ನಮ್ಮ ದಾರಿ ಇರುವುದು ಇಲ್ಲೇ.

ಒಂದು ಗುಟುಕು ನೀರು ನುಂಗಿ, ಕುತ್ತಿಗೆಯ ಮುಂಭಾಗಕ್ಕೆ ಬೆರಳಿಟ್ಟು ನೋಡಿ. ಧ್ವನಿಪೆಟ್ಟಿಗೆ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತದೆ. ಆಕಳಿಸಿ ನೋಡಿ, ಕೆಳಗಿಳಿಯುತ್ತದೆ. ಅಂದರೆ ಅದು ಒಂದೇ ಕಡೆ ಮೊಳೆ ಹೊಡೆದು ಕೂರಿಸಿದ್ದಲ್ಲ. ಅದು ಸ್ವಲ್ಪ ಮೇಲೆ ನಿಂತರೆ ಬುರುಡೆಯ ಉದ್ದ ಕಡಿಮೆಯಾಗುತ್ತದೆ. ನಾಲಿಗೆ ಮುಂದಕ್ಕೆ, ಮೇಲಕ್ಕೆ ಬಂದರೆ ಬಾಯೊಳಗಿನ ಜಾಗ ಸಣ್ಣದಾಗುತ್ತದೆ. ತುಟಿ ಮುಂದಕ್ಕೆ ಚಾಚದೆ ಸ್ವಲ್ಪ ಅಗಲವಾದರೆ ಉದ್ದ ಇನ್ನೊಂದಿಷ್ಟು ಕಡಿಮೆಯಾಗುತ್ತದೆ. ಇದನ್ನು ಕಲಿಯಲು ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಪಿಸುಮಾತು. ಪಿಸುಗುಟ್ಟುವಾಗ ಸ್ವರತಂತು ಕಂಪಿಸುವುದಿಲ್ಲ, ಹಾಗಾಗಿ ಶ್ರುತಿ ಅನ್ನುವುದೇ ಇರುವುದಿಲ್ಲ, ಕೇಳಿಸುವುದು ಬುರುಡೆಯ ಗಾತ್ರ ಮಾತ್ರ. ಸುಮ್ನೆ ಪಿಸುದನಿಯಲ್ಲಿ "ಊ" ಅನ್ನಿ, ನಂತರ "ಈ" ಅನ್ನಿ. ಒಂದು ಕತ್ತಲೆ ಕೋಣೆಯ ಹಾಗಿದೆ, ಇನ್ನೊಂದು ಬಿಸಿಲು ಬಿದ್ದ ಹಾಗಿದೆ. ಆ ಬಿಸಿಲನ್ನು "ಈ"ಯಿಂದ ಹಿಡಿದುಕೊಂಡು "ಏ"ಗೆ, ಅಲ್ಲಿಂದ "ಆ"ಗೆ ಸಾಗಿಸುವುದೇ ಅಭ್ಯಾಸ. ದೊಡ್ಡ ನಾಯಿ ಏದುಸಿರು ಬಿಡುವ ಹಾಗೆ ಉಸಿರಾಡಿ, ಆಮೇಲೆ ಮರಿನಾಯಿಯ ಹಾಗೆ ಉಸಿರಾಡುವ ಇನ್ನೊಂದು ಕಸರತ್ತೂ ಇದೆ, ಅದರ ಉದ್ದೇಶವೂ ಇದೇ, ಜಾಗ ಸಣ್ಣದು ಮಾಡುವುದು ಹೇಗಿರುತ್ತದೆ ಅಂತ ಮೈಗೆ ತಿಳಿಸುವುದು.

ನಾನು ಮಾಡಿಕೊಂಡ ವಾಕ್ಯಗಳು ಹೀಗಿದ್ದವು: "ನೀನಿಲ್ಲೇ ಇದೀಯಾ", "ಇಲ್ಲಿ ನೀರಿದೆ", "ಇನ್ನೇನಿದೆ". ಎಲ್ಲ ಇ, ಎ ತುಂಬಿದ ವಾಕ್ಯಗಳು. ಇವುಗಳಲ್ಲಿ ದನಿ ತಾನಾಗಿ ಮುಂದಕ್ಕೆ ನಿಲ್ಲುತ್ತದೆ. ಕಷ್ಟ ಶುರುವಾಗುವುದು "ಊರು", "ಹೋಗೋಣು", "ದುಡ್ಡು ಕೊಡು" ಬಂದಾಗ. ತುಟಿ ಉರುಟಾದ ತಕ್ಷಣ ಬುರುಡೆ ಉದ್ದವಾಗುತ್ತದೆ, ದನಿ ಕೆಳಗೆ ಜಾರುತ್ತದೆ. ಕನ್ನಡದಲ್ಲಿ ಎಷ್ಟೊಂದು ಪದಗಳು ಉಕಾರದಲ್ಲಿ ಮುಗಿಯುತ್ತವೆ ನೋಡಿ. "ಅವರು ಬಂದರು, ಊಟ ಮಾಡಿದರು, ಹೋದರು." ಮೂರು ವಾಕ್ಯ, ಮೂರಕ್ಕೂ ಕೊನೆಗೆ ಉ. ವಾಕ್ಯದ ಕೊನೆಯಲ್ಲಿ ಉಸಿರೂ ಮುಗಿಯುತ್ತಿರುತ್ತದೆ, ಗಮನವೂ ಸಡಿಲವಾಗಿರುತ್ತದೆ, ಅಲ್ಲೇ ನನ್ನ ಹಳೆಯ ದನಿ ಹೊರಗೆ ಬರುತ್ತಿತ್ತು. ಇದನ್ನು ಯಾವ ಇಂಗ್ಲಿಷ್ ಪಾಠವೂ ನನಗೆ ಹೇಳಲಿಲ್ಲ, ನನ್ನದೇ ರೆಕಾರ್ಡಿಂಗ್‌ಗಳನ್ನು ತಿಂಗಳುಗಟ್ಟಲೆ ಕೇಳಿ ಕಂಡುಕೊಂಡೆ. ಉಕಾರವನ್ನು ಚಿಕ್ಕದಾಗಿ, ತುಟಿ ಜಾಸ್ತಿ ಉರುಟು ಮಾಡದೆ ಮುಗಿಸಿದ ಮೇಲೆ ಅರ್ಧ ತೊಂದರೆ ಕಡಿಮೆಯಾಯಿತು.

ಶ್ರುತಿ, ಬುರುಡೆ ಬಿಟ್ಟು ಮೂರನೆಯದೊಂದಿದೆ, ದನಿಯ ತೂಕ. ಸ್ವರತಂತುಗಳು ದಪ್ಪವಾಗಿ, ಪೂರ್ತಿ ಮೈ ತಾಗಿಸಿ ಬಡಿದುಕೊಂಡರೆ ದನಿ ಭಾರ. ಅಂಚು ಅಂಚಷ್ಟೇ ತಾಗಿದರೆ ಹಗುರ. ಒಂದೇ ಶ್ರುತಿಯಲ್ಲಿ ಎರಡೂ ಸಾಧ್ಯ. ಇದು ಮೂರರಲ್ಲಿ ನಾಜೂಕಿನದು, ಯಾಕೆಂದರೆ ಹಗುರ ಮಾಡಲು ಹೋಗಿ ತುಂಬಾ ಜನ ದನಿಯಲ್ಲಿ ಬರೀ ಗಾಳಿ ತುಂಬುತ್ತಾರೆ, ಪಿಸುಪಿಸು ಮಾತಾಡುತ್ತಾರೆ. ಅದು ಹೆಂಗಸಿನ ದನಿ ಅಲ್ಲ, ದಣಿದ ದನಿ. ಹೆಂಗಸರು ಅಂದರೆ ಮೆಲ್ಲಗೆ, ನಯವಾಗಿ, ಎಳೆದೆಳೆದು ಮಾತಾಡಬೇಕು ಅಂತ ಹೇಳಿಕೊಡುವವರನ್ನು ನಾನು ಒಪ್ಪುವುದಿಲ್ಲ. ನಮ್ಮ ಧಾರವಾಡದ ಸಂತೆಗೆ ಬಂದು ಕೇಳಿ. ಇಲ್ಲೇ ದಾದರಿನ ಮೀನು ಮಾರುಕಟ್ಟೆಯಲ್ಲಿ ಕೋಲಿ ಅನ್ನುವ ಮೀನುಗಾರ ಸಮುದಾಯದ ಹೆಂಗಸರು ಗಿರಾಕಿಗಳನ್ನು ಕೂಗಿ ಕರೆಯುವುದನ್ನು ಕೇಳಿ. ಎಷ್ಟು ಜೋರು, ಎಷ್ಟು ಗಟ್ಟಿ! ಆದರೂ ಬೆನ್ನು ಹಾಕಿ ನಿಂತವರಿಗೂ ಅದು ಗಂಡಸಿನ ದನಿ ಅನ್ನಿಸುವುದಿಲ್ಲ. ಜೋರಾಗಿದ್ದರೂ ಅವರ ಬುರುಡೆ ಸಣ್ಣದೇ. ನಾನು ಎಷ್ಟೋ ಭಾನುವಾರ ಅಲ್ಲಿ ಹೋಗಿ ಸುಮ್ನೆ ನಿಂತು ಕೇಳಿದ್ದೇನೆ, ಅವರೇ ನನಗೆ ಒಳ್ಳೆ ಗುರುಗಳು.

ಆದರೆ ನಮಗೆ ಜೋರು ದನಿಯೇ ಕೊನೆಗೆ ಬರುವುದು. ಸುತ್ತ ಗದ್ದಲ ಇದ್ದಾಗ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ, ಇದನ್ನು ಗುರುತಿಸಿದ ಫ್ರೆಂಚ್ ವೈದ್ಯ ಲೊಂಬಾರ್ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಜೋರು ಮಾಡಿದಾಗ ಸ್ವರತಂತು ಇನ್ನೂ ಗಟ್ಟಿಯಾಗಿ ಬಡಿದುಕೊಳ್ಳುತ್ತದೆ, ತೂಕ ಹೆಚ್ಚುತ್ತದೆ, ಅಭ್ಯಾಸ ಮಾಡಿದ್ದೆಲ್ಲ ಕೈಬಿಡುತ್ತದೆ. ಮುಂಬೈ ಅಂದರೆ ಗದ್ದಲವೇ. ಬೆಳಿಗ್ಗೆ ಡೊಂಬಿವಲಿಯಿಂದ ಹೊರಡುವ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ, ಬಾಗಿಲ ಹತ್ತಿರ ನಿಂತವರಿಗೆ "ಸ್ವಲ್ಪ ಜಾಗ ಕೊಡಿ, ಠಾಣೆಯಲ್ಲಿ ಇಳೀಬೇಕು" ಅಂತ ಹೇಳುವುದು ಬೇರೆಯವರಿಗೆ ಮಾತೇ ಅಲ್ಲ. ಮೊದಲ ವರ್ಷ ನಾನು ಆ ಮಾತು ಆಡಲು ಹೆದರಿ ಬರೀ ಹೆಗಲು ಮುಟ್ಟಿ ದಾರಿ ಕೇಳುತ್ತಿದ್ದೆ. ಎರಡು ಸಲ ಸ್ಟೇಷನ್ ತಪ್ಪಿದೆ. ತಲೆ ತಿರುಗಿಸಿ ನೋಡುವ ಕಣ್ಣುಗಳ ಭಯ ಎಂಥದ್ದು ಅಂತ ಅನುಭವಿಸಿದವರಿಗೇ ಗೊತ್ತು. ಕೆಮ್ಮು, ಸೀನು, ಜೋರು ನಗು, ನಿದ್ದೆಯಿಂದ ಎದ್ದ ತಕ್ಷಣದ ಮೊದಲ ಮಾತು, ಇವೂ ಹಾಗೇ. ಇವಕ್ಕೂ ಬೇರೆಯಾಗಿ ಅಭ್ಯಾಸ ಬೇಕು. ನಗುವನ್ನು ಅಭ್ಯಾಸ ಮಾಡಬೇಕು ಅಂದಾಗ ನನಗೆ ಬೇಜಾರಾಗಿತ್ತು, ಈಗ ನಗು ಬಂದಾಗ ತಡೆಯದೆ ನಗುತ್ತೇನೆ.

ಫೋನ್ ಇನ್ನೊಂದು ಥರ. ಎದುರಿಗಿದ್ದರೆ ಬಟ್ಟೆ, ಕೂದಲು, ಮುಖ ಎಲ್ಲ ಸೇರಿ ದನಿಗೆ ಸಹಾಯ ಮಾಡುತ್ತವೆ. ಫೋನಿನಲ್ಲಿ ದನಿ ಒಂಟಿ. ಹಳೆಯ ಕಾಲದ ಫೋನ್ ಲೈನು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು. ಗಂಡಸಿನ 110, ಹೆಂಗಸಿನ 200, ಎರಡೂ ಅದರ ಕೆಳಗೇ ಬಿದ್ದುಹೋಗುತ್ತವೆ. ಮೇಲಿನ ಕಂಪನಗಳ ನಡುವಿನ ಅಂತರ ನೋಡಿ ನಮ್ಮ ಮಿದುಳು ಶ್ರುತಿಯನ್ನು ಮತ್ತೆ ಊಹಿಸಿಕೊಳ್ಳುತ್ತದೆ. ಆದರೆ ಬುರುಡೆಯ ಗಾತ್ರ ಹೇಳುವ ಕಂಪನಗಳು ಹೆಚ್ಚಾಗಿ ಆ ಪಟ್ಟಿಯೊಳಗೇ ಇರುತ್ತವೆ, ಅವು ಹಾಗೇ ದಾಟಿ ಹೋಗುತ್ತವೆ. ಅದಕ್ಕೇ ಶ್ರುತಿ ಮಾತ್ರ ಏರಿಸಿದವರನ್ನು ಫೋನ್ ಬಿಟ್ಟುಕೊಡುತ್ತದೆ. ಒಂದು ಬ್ಯಾಂಕಿಗೆ ಫೋನ್ ಮಾಡಿದಾಗ, ಖಾತೆಯಲ್ಲಿರುವ ಹೆಸರು ಹೆಂಗಸಿನದು, ನಿಮ್ಮ ದನಿ ಹೊಂದುತ್ತಿಲ್ಲ ಅಂತ ನನ್ನ ಕಾರ್ಡನ್ನು ತಡೆಹಿಡಿದರು. ನನ್ನದೇ ಹೆಸರು, ನನ್ನದೇ ದುಡ್ಡು. ಇಂಥ ಹೊತ್ತಿಗೆ ಧ್ವನಿ ತರಬೇತಿ ಚೆಂದಕ್ಕೆ ಮಾಡುವುದು ಅನ್ನುವವರಿಗೆ ಏನು ಹೇಳಬೇಕು ಗೊತ್ತಾಗುವುದಿಲ್ಲ.

ಇನ್ನು ಭಾಷೆ. ಇದರ ಬಗ್ಗೆ ಮುಂಬೈ ಕನ್ನಡಿಗರು ಮಾತ್ರ ಸರಿಯಾಗಿ ಹೇಳಬಲ್ಲರು ಅನ್ನಿಸುತ್ತದೆ. ಬರುತ್ತಿದ್ದೇನೆ, ಬಂದೆ ಅನ್ನಲು ಹೆಂಗಸು ಹಿಂದಿಯಲ್ಲಿ "ಮೈ ಆ ರಹೀ ಹೂಂ" ಅನ್ನಬೇಕು, ಮರಾಠಿಯಲ್ಲಿ "ಮೀ ಆಲೇ" ಅನ್ನಬೇಕು. ಬಾಯಿ ತೆರೆದರೆ ನಾನು ಹೆಣ್ಣು ಅಂತ ನಾನೇ ಹೇಳಿಕೊಂಡ ಹಾಗೆ. ಆ "ರಹೀ"ಗೆ ತಕ್ಕ ದನಿ ಬರದಿದ್ದರೆ ಎದುರಿನವರು ಹುಬ್ಬೇರಿಸುತ್ತಾರೆ. ಕನ್ನಡದಲ್ಲಿ "ಬಂದೆ" ಅಂದರೆ ಸಾಕು, ಗಂಡಿಗೂ ಅದೇ, ಹೆಣ್ಣಿಗೂ ಅದೇ. ಕೇಳಿದರೆ ಕನ್ನಡ ಸುಲಭ ಅನ್ನಿಸುತ್ತದೆ ಅಲ್ವಾ? ನನಗೆ ಆದದ್ದು ಉಲ್ಟಾ. ಹಿಂದಿಯಲ್ಲಿ ನನ್ನ ಹೊಸ ದನಿ ಮೊದಲು ಬಂತು, ಮರಾಠಿಯಲ್ಲಿ ನಂತರ, ಕನ್ನಡದಲ್ಲಿ ಎಲ್ಲಕ್ಕಿಂತ ಕೊನೆಗೆ. ಹಿಂದಿಯ ಪ್ರತಿ ಕ್ರಿಯಾಪದವೂ ನನಗೆ ನೆನಪು ಮಾಡುತ್ತಿತ್ತು. ಕನ್ನಡದಲ್ಲಿ ಯಾರೂ ನೆನಪು ಮಾಡುವುದಿಲ್ಲ, ಅದು ಮಲಗಿದ್ದಾಗಲೂ ಬರುವ ಭಾಷೆ, ಬಾಯಿ ತೆರೆದರೆ ಇಪ್ಪತ್ತು ವರ್ಷದ ಹಳೆಯ ದಾರಿಯಲ್ಲೇ ಹರಿಯುತ್ತದೆ. ಬೇರೆ ಕನ್ನಡದ ಗೆಳತಿಯರನ್ನು ಕೇಳಿದಾಗ ಇಬ್ಬರು ಇದೇ ಮಾತು ಹೇಳಿದರು. ಹಾಗಾಗಿ ನನ್ನ ಸಲಹೆ, ಒಂದು ಭಾಷೆಯಲ್ಲಿ ಗೆದ್ದರೆ ಎಲ್ಲದರಲ್ಲೂ ಗೆದ್ದೆವು ಅಂದುಕೊಳ್ಳಬೇಡಿ. ಪ್ರತಿ ಭಾಷೆಗೂ ಬೇರೆ ಹೊತ್ತು ಕೊಡಿ. ನಾನು ದಿನಾ ಕನ್ನಡ ಪೇಪರಿನ ಒಂದು ಸುದ್ದಿ ಗಟ್ಟಿಯಾಗಿ ಓದುತ್ತೇನೆ.

ಎಲ್ಲಿ ಓದುವುದು ಅನ್ನುವುದೇ ದೊಡ್ಡ ಪ್ರಶ್ನೆ. ಒಂದು ಕೋಣೆಯಲ್ಲಿ ಮೂವರು ಪೇಯಿಂಗ್ ಗೆಸ್ಟ್, ಚಾಳಿನಲ್ಲಿ ಪಕ್ಕದ ಮನೆಯವರು ಸೀನಿದರೂ ಕೇಳಿಸುತ್ತದೆ. ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಬಹುದು, ಆದರೆ ಅಲ್ಲಿನ ಗೋಡೆ ದನಿಯನ್ನು ಚೆಂದ ಮಾಡಿ ತೋರಿಸುತ್ತದೆ, ಹೊರಗೆ ಬಂದರೆ ನಿಜ ಗೊತ್ತಾಗುತ್ತದೆ. ನಾನು ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಬೆಳಿಗ್ಗೆ ಬೇಗ ನಡೆಯುತ್ತ, ಕಿವಿಗೆ ಇಯರ್‌ಫೋನ್ ಹಾಕಿ ಯಾರೊಂದಿಗೋ ಮಾತಾಡುವ ಹಾಗೆ ಅಭ್ಯಾಸ ಮಾಡುತ್ತಿದ್ದೆ. ಮರೀನ್ ಡ್ರೈವ್‌ನಲ್ಲಿ ಗಾಳಿ, ಅಲೆ ಸದ್ದಿರುತ್ತದೆ, ಅಲ್ಲಿ ಜೋರಾಗಿ ಹೇಳಬೇಕಾದದ್ದನ್ನು ಹೇಳಿ ನೋಡಬಹುದು. ಒಮ್ಮೆಗೇ ಒಂದು ಗಂಟೆ ಬೇಡ. ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ, ಅದು ಜಾಸ್ತಿ ಕೆಲಸ ಮಾಡುತ್ತದೆ. ತುಟಿಗಳ ನಡುವೆ ಸ್ಟ್ರಾ ಹಿಡಿದು ಅದರೊಳಗೆ "ಊ" ಅಂತ ಗುನುಗಿ ಶುರು ಮಾಡಿದರೆ ಗಂಟಲಿನ ಮೇಲೆ ಒತ್ತಡ ಕಡಿಮೆ.

ರೆಕಾರ್ಡ್ ಮಾಡದೆ ಇದು ಸಾಗುವುದಿಲ್ಲ. ನಮ್ಮ ದನಿ ನಮಗೆ ಗಾಳಿಯಿಂದಲೂ ತಲೆಯ ಎಲುಬಿನಿಂದಲೂ ಕೇಳಿಸುತ್ತದೆ, ಎಲುಬಿನ ದಾರಿ ತಗ್ಗು ಸ್ವರಗಳನ್ನು ಹೆಚ್ಚು ತರುತ್ತದೆ. ಹಾಗಾಗಿ ಒಳಗೆ ಕೇಳುವುದೇ ಬೇರೆ, ಹೊರಗೆ ಹೋಗುವುದೇ ಬೇರೆ. ಆದರೆ ಯಾವ ದನಿಯಿಂದ ಓಡಿಹೋಗಬೇಕು ಅನ್ನಿಸುತ್ತದೋ ಅದನ್ನೇ ದಿನಾ ಕೇಳು ಅಂದರೆ ಹೇಗಿರುತ್ತದೆ ಯೋಚಿಸಿ. ತುಂಬಾ ಜನ ತರಬೇತಿ ಬಿಡುವುದು ಇಲ್ಲೇ, ಗಂಟಲಿಗೆ ಆಗಲಿಲ್ಲ ಅಂತಲ್ಲ, ಕಿವಿಗೆ ಆಗಲಿಲ್ಲ ಅಂತ. ನನಗೆ ಸಹಾಯವಾದದ್ದು ಇಷ್ಟು: ರೆಕಾರ್ಡ್ ಮಾಡಿದ ದಿನ ಕೇಳುತ್ತಿರಲಿಲ್ಲ, ಮಾರನೇ ದಿನ ಕೇಳುತ್ತಿದ್ದೆ, ಮತ್ತು ಒಂದೇ ವಿಷಯ ನೋಡುತ್ತಿದ್ದೆ. ಇವತ್ತು ಉಕಾರ ಮಾತ್ರ. ನಾಳೆ ತೂಕ ಮಾತ್ರ. ಹೆಂಗಸಿನ ಹಾಗೆ ಕೇಳಿಸುತ್ತಿದೆಯಾ ಅನ್ನುವ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಬಿಟ್ಟೆ.

ಆಪರೇಷನ್ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಜಪಾನಿನ ವೈದ್ಯ ಇಶಿಕಿ 1974ರಲ್ಲಿ ವಿವರಿಸಿದ ವಿಧಾನಗಳಲ್ಲಿ ಒಂದು, ಗಂಟಲಿನ ಎರಡು ಮೃದ್ವಸ್ಥಿಗಳನ್ನು ಹತ್ತಿರ ಹೊಲಿದು ಸ್ವರತಂತುಗಳನ್ನು ಎಳೆದು ಬಿಗಿ ಮಾಡುತ್ತದೆ. ಜರ್ಮನಿಯ ವೆಂಡ್ಲರ್ ಹೆಸರಿನ ಇನ್ನೊಂದರಲ್ಲಿ ಸ್ವರತಂತುಗಳ ಮುಂಭಾಗವನ್ನು ಸೇರಿಸಿ ಹೊಲಿದು, ಕಂಪಿಸುವ ಉದ್ದ ಕಡಿಮೆ ಮಾಡುತ್ತಾರೆ. ಎರಡೂ ತಂತಿಯ ಕೆಲಸ. ಬುರುಡೆ ಹಾಗೇ ಇರುತ್ತದೆ. ಆದ್ದರಿಂದ ಆಪರೇಷನ್ ಆದವರಿಗೂ ಅಭ್ಯಾಸ ತಪ್ಪಿದ್ದಲ್ಲ. ದನಿ ಒಡಕಾಗುವುದು, ಜೋರಾಗಿ ಮಾತಾಡಲು ಆಗದಿರುವುದು, ಇಂಥ ಅಪಾಯಗಳೂ ಇವೆ. ಕುತ್ತಿಗೆಯಲ್ಲಿ ಉಬ್ಬಿದ ಗಂಟನ್ನು (ಆ್ಯಡಮ್ಸ್ ಆ್ಯಪಲ್) ಕೆರೆಸಿ ತೆಗೆಸುವುದು ಬೇರೆಯದೇ, ಅದು ನೋಟಕ್ಕೆ ಮಾತ್ರ, ದನಿ ಏರುವುದಿಲ್ಲ.

ಸ್ಪೀಚ್ ಥೆರಪಿಸ್ಟ್ ಸಿಕ್ಕರೆ ದಾರಿ ಹತ್ತಿರವಾಗುತ್ತದೆ. ಬಾಂದ್ರಾದಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮ ಮೈಸೂರಿನಲ್ಲಿ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ, ಇಂಥ ಕಡೆ ಓದಿದ ಥೆರಪಿಸ್ಟ್‌ಗಳು ಊರೂರಲ್ಲಿ ಇದ್ದಾರೆ. ಆದರೆ ಹೋಗುವ ಮೊದಲು ಫೋನ್ ಮಾಡಿ ಒಂದೇ ಮಾತು ಕೇಳಿ: ಟ್ರಾನ್ಸ್ ಮಹಿಳೆಯರ ಜೊತೆ ಕೆಲಸ ಮಾಡಿದ್ದೀರಾ? ನಾನು ಮೊದಲು ಹೋದವರು ಒಳ್ಳೆಯವರೇ, ಆದರೆ ಶ್ರುತಿ ಏರಿಸುವುದು ಬಿಟ್ಟು ಬೇರೆ ಏನೂ ಹೇಳಿಕೊಡಲಿಲ್ಲ. ಖರ್ಚು ನಮ್ಮದೇ. 2019ರ ಟ್ರಾನ್ಸ್‌ಜೆಂಡರ್ ಕಾನೂನಿನ 15ನೇ ಸೆಕ್ಷನ್ನಿನಲ್ಲಿ ಸರ್ಜರಿ, ಹಾರ್ಮೋನ್, ಕೌನ್ಸೆಲಿಂಗ್ ಇವುಗಳ ಹೆಸರು ಇತ್ತು, ಧ್ವನಿ ತರಬೇತಿಯ ಹೆಸರು ಇರಲಿಲ್ಲ. ಅದೂ ಸೇರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ, ಬೀದಿಯಲ್ಲಿ ನಮ್ಮನ್ನು ಮೊದಲು ಬಿಟ್ಟುಕೊಡುವುದು ದನಿಯೇ ತಾನೇ.

ಎಲ್ಲರಿಗೂ ಇದು ಬೇಕು ಅಂತಲೂ ಇಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು, ಆ ದಪ್ಪ ದನಿಯಲ್ಲೇ ಅವರು ದೇಶಕ್ಕೆಲ್ಲ ಹಾಡಿದರು. ಟ್ರಾನ್ಸ್ ಮಹಿಳೆಯೇ ಆದ ಜನಪದ ಕಲಾವಿದೆ ಜೋಗತಿ ಮಂಜಮ್ಮ ತಮ್ಮದೇ ದನಿಯಲ್ಲಿ ಹಾಡಿ, ಕುಣಿದು 2021ರಲ್ಲಿ ಪದ್ಮಶ್ರೀ ಪಡೆದರು. ದನಿ ಬದಲಿಸದ ಟ್ರಾನ್ಸ್ ಮಹಿಳೆ ಕಡಿಮೆ ಹೆಣ್ಣಲ್ಲ. ನನಗೆ ಬೇಕಿತ್ತು, ಮಾಡಿದೆ.

ಗಂಟಲು ನೋಯುತ್ತಿದ್ದರೆ ಆ ದಿನ ನಿಲ್ಲಿಸಿ. ನೋವು ಬಂದರೆ ಪ್ರಗತಿ ಅಂತ ಅರ್ಥವಲ್ಲ, ಎಲ್ಲೋ ಹಿಂಡುತ್ತಿದ್ದೀರಿ ಅಂತ ಅರ್ಥ. ದನಿ ಒಡಕಾಗಿ ಎರಡು-ಮೂರು ವಾರ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರನ್ನು ನೋಡಿ.

ಕನ್ನಡದಲ್ಲಿ "ಬಂದೆ"ಗೆ ಲಿಂಗ ಇಲ್ಲ ಅಂದೆನಲ್ಲ, ಆದರೆ ಕರೆಯುವಾಗ ಇದೆ. "ಬಾರೋ" ಬೇರೆ, "ಬಾರೇ" ಬೇರೆ. ಅವ್ವ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಮೊದಲ ವರ್ಷ ಹೊಸ ದನಿಯಲ್ಲಿ ಹಲೋ ಅಂದಾಗ, "ಯಾಕೋ, ನೆಗಡಿ ಆಗೇತೇನು?" ಅಂದಳು. ಎರಡನೇ ವರ್ಷ ಆ "ಓ" ಸಣ್ಣದಾಯಿತು. ಈಗ ಕೆಲವು ತಿಂಗಳಿಂದ ಅವಳು ಓ ಅನ್ನುವುದಿಲ್ಲ, ಏ ಅನ್ನುವುದಿಲ್ಲ. "ಊಟ ಆತೇನ?" ಅಂತಾಳೆ ಅಷ್ಟೇ. ನಾನು ಆತವ್ವಾ ಅನ್ನುತ್ತೇನೆ, ಆ ಮೂರಕ್ಷರದಲ್ಲಿ ದನಿ ಜಾರದ ಹಾಗೆ ಈಗಲೂ ಶನಿವಾರ ಅಭ್ಯಾಸ ಮಾಡುತ್ತೇನೆ.